ಹಡಗಿನಲ್ಲಿ ಹಿಡಿದ ಕುರ್ಚಿ

ಕುರ್ಚಿ ಸಿಗದವನ ಸಂಕಟ ಎಲ್ಲರಿಗೂ ಗೊತ್ತು. ಕುರ್ಚಿ ಸಿಕ್ಕವನ ಸಂಕಟವನ್ನು ಯಾರೂ ವಿಚಾರಿಸುವುದಿಲ್ಲ. ಪಾಪ, ಅವನಿಗೆ ಎದ್ದು ಬಚ್ಚಲಿಗೆ ಹೋಗಿಬರುವಷ್ಟೂ ಧೈರ್ಯವಿರುವುದಿಲ್ಲ. ಇದು ಮಂತ್ರಿಗಳ ಕುರಿತ ಮಾತಲ್ಲ. ಅವರ ಪಾಡು ಅವರಿಗಿರಲಿ. ಕೆರಿಬಿಯನ್ ಸಮುದ್ರದ ನಡುವೆ ಒಂದು ಕುರ್ಚಿಗಾಗಿ ನಾನು ಹೆಂಡತಿಗೆ ಮಾಡಿದ ಅನ್ಯಾಯವನ್ನು ಒಪ್ಪಿಕೊಳ್ಳಬೇಕಾಗಿದೆ.

ಎಸ್ಸೆಸ್ಸೆಲ್ಸಿ ಮುಗಿಸಿ ದಾವಣಗೆರೆಯ ಹತ್ತಿ ಗಿರಣಿಯೊಂದಕ್ಕೆ ಸೇರಿದ ನಾನು, ಕೆಲಸವಿದ್ದಷ್ಟು ಕಾಲವೂ ಹರಿಹರದಿಂದ ಬಸ್ಸಿನಲ್ಲಿ ಓಡಾಡಿದವನು. ನನ್ನ ಓದು ಅಷ್ಟಕ್ಕಷ್ಟೇ. ಆದರೆ ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡುತ್ತ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮದುವೆಯಾದ ಹೊಸದರಲ್ಲಿ ಸರೋಜಳಿಗೆ ನನ್ನ ಮೇಲೆ ಪ್ರೀತಿ ಹುಟ್ಟಿದ್ದು ಈ ವಿದ್ಯೆಯನ್ನು ನೋಡಿಯೇ ಎಂದು ನಂಬಿದ್ದೇನೆ. ಅವಳನ್ನು ಕೇಳಿಲ್ಲ. ವಯಸ್ಸಾದ ಮೇಲೆ ಸ್ವೀಡನ್ನಿನ ಲಿಂಕೋಪಿಂಗ್‌ಗೆ ಮಗಳು ಸುಮಾಳ ಮನೆಗೆ ಬಂದು ನೋಡಿದರೆ ನನ್ನ ವಿದ್ಯೆಗೆ ಇಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಇಲ್ಲಿನವರು ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಾರೆ, ಪಕ್ಕದ ಸೀಟಿನಲ್ಲಿ ಇನ್ನೊಬ್ಬ ಮನುಷ್ಯ ಕೂತಿದ್ದಾನೆ ಎಂಬ ಒಂದೇ ಕಾರಣಕ್ಕೆ.

ಹೀಗಿರುವಾಗ ಫೆಬ್ರವರಿಯ ಶಾಲಾ ರಜೆಯಲ್ಲಿ ಮಗಳು, ಅಳಿಯ ಎಲ್ಲರನ್ನೂ ಕೆರಿಬಿಯನ್ ಹಡಗಿಗೆ ಹತ್ತಿಸಿದರು. ಹಡಗೆಂದರೆ ನೀವಂದುಕೊಂಡ ಹಡಗಲ್ಲ. ಇಡೀ ಹರಿಹರ ಪೇಟೆಯನ್ನು ಎತ್ತಿ, ಒಂದರ ಮೇಲೊಂದು ಪೇರಿಸಿ ನೀರಿಗೆ ಬಿಟ್ಟ ಹಾಗಿತ್ತು. ಒಳಗೆ ಪಾರ್ಕು, ಅಂಗಡಿ ಬೀದಿ, ಹಿಮದ ಮೇಲೆ ಜಾರುವ ಅಂಗಳ. ಸ್ವೀಡನ್ನಿನ ಹಿಮದಿಂದ ತಪ್ಪಿಸಿಕೊಂಡು ಬಂದ ಅಳಿಯ, ಟಿಕೆಟ್ಟಿನಲ್ಲೇ ಸೇರಿದೆ ಎಂದು ಅಲ್ಲೂ ಜಾರಿ ಮೊಣಕಾಲು ಊದಿಸಿಕೊಂಡ. ಎಲ್ಲವೂ ಇತ್ತು. ಸಮುದ್ರ ಎಲ್ಲಿದೆಯೆಂದು ಮಾತ್ರ ಹುಡುಕಿಕೊಂಡು ಹೋಗಬೇಕಾಗಿತ್ತು.

ಸರೋಜಳಿಗೆ ಬೇಕಾಗಿದ್ದದ್ದು ಅದೊಂದೇ. ಹುಟ್ಟಿದಾಗಿನಿಂದ ಅವಳು ಸಮುದ್ರಕ್ಕೆ ಕಾಲಿಟ್ಟವಳಲ್ಲ. “ದ್ವೀಪ ಬಂದಾಗ ಇಳಿದು ಒಂದ್ಸಲ ಅಲೆ ಒಳಗೆ ನಿಂತ್ಕೋಬೇಕು ರೀ, ಅಷ್ಟೇ. ಆದ್ರೆ ನೀವು ಪಕ್ಕದಲ್ಲಿರ್ಬೇಕು, ನಂಗೆ ಭಯ,” ಎಂದು ವಿಮಾನದಲ್ಲೇ ಹೇಳಿದ್ದಳು. “ಅದಕ್ಕೇನಂತೆ,” ಎಂದಿದ್ದೆ.

ಮೊದಲ ಬೆಳಿಗ್ಗೆ ಮೇಲಂತಸ್ತಿಗೆ ಹೋದವನು ಬೆರಗಾಗಿ ನಿಂತೆ. ಈಜುಕೊಳದ ಸುತ್ತ ಸಾಲುಸಾಲು ಒರಗು ಕುರ್ಚಿಗಳು. ಅವುಗಳ ಮೇಲೆ ಟವೆಲ್ ಹಾಸಿ ತಿಂಡಿಗೆ ಹೋಗಿದ್ದಾರೆ, ಜಗತ್ತಿನ ನಾನಾ ದೇಶದ ಸಭ್ಯರು. ನನ್ನ ಕಣ್ಣು ತುಂಬಿ ಬಂತು. ಮಾರನೆಯ ದಿನದಿಂದ ನಾನು ಎಲ್ಲರಿಗಿಂತ ಮೊದಲು ಎದ್ದು ಕಟಕಟೆಯ ಪಕ್ಕ, ನೆರಳಿನಲ್ಲಿ, ಮನೆಮಂದಿಗೆಲ್ಲ ಟವೆಲ್ ಹಾಕತೊಡಗಿದೆ. ನಮಗೆ ಸಾಕಾಗಿ ಉಳಿದ ಒಂದು ಟವೆಲ್ಲನ್ನೂ ಸುಮ್ಮನೆ ಬಿಡದೆ ಇನ್ನೊಂದು ಕುರ್ಚಿ ಹಿಡಿದಿಟ್ಟೆ.

“ಅಪ್ಪ, ಪ್ಲೀಸ್. ಇದು ಹರಿಹರ ಬಸ್ ಸ್ಟ್ಯಾಂಡ್ ಅಲ್ಲ,” ಎಂದಳು ಸುಮಾ.

“ಮೋರ್‌ಫಾರ್, ಎವ್ರಿವನ್ ಈಸ್ ಲುಕಿಂಗ್,” ಎಂದು ಮೊಮ್ಮಗಳು ಮುಖ ಮುಚ್ಚಿಕೊಂಡಳು. ನನ್ನನ್ನು ಅಜ್ಜ ಎನ್ನಲು ಅವಳಿಗಿರುವುದು ಆ ಸ್ವೀಡಿಷ್ ಪದವೊಂದೇ.

ಮೊದಲ ದ್ವೀಪ ಬಂತು. ಹಡಗಿಗೆ ಹಡಗೇ ಇಳಿದು ಹೊರಟಿತು. “ಕುರ್ಚಿ ಬಿಟ್ಟು ಎಲ್ರೂ ಹೋದ್ರೆ ಹೆಂಗೆ? ನಾವು ಮುಂದಿನ ದ್ವೀಪದಲ್ಲಿ ಇಳಿಯೋಣ,” ಎಂದೆ. ಮುಂದಿನ ದ್ವೀಪದಲ್ಲೂ ಅದನ್ನೇ ಅಂದೆ. ಕೊನೆಯ ದ್ವೀಪದ ಹೊತ್ತಿಗೆ ಸರೋಜಾ ಕೇಳುವುದನ್ನೇ ಬಿಟ್ಟಿದ್ದಳು. ಆ ಮಧ್ಯಾಹ್ನ ಅಷ್ಟು ದೊಡ್ಡ ಮೇಲಂತಸ್ತಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನೂರಾರು ಕುರ್ಚಿಗಳು ಬಾಯಿಬಿಟ್ಟುಕೊಂಡು ಆಕಾಶ ನೋಡುತ್ತಿದ್ದವು. ಅವುಗಳ ಮಧ್ಯೆ ನಾವಿಬ್ಬರು ನಮ್ಮ ಕುರ್ಚಿಗಳನ್ನು ಕಾಯುತ್ತಿದ್ದೆವು. ಕೆಳಗೆ ದೂರದಲ್ಲಿ ಜನ ಇರುವೆಗಳಂತೆ ಅಲೆಗಳಲ್ಲಿ ಆಡುತ್ತಿದ್ದರು.

“ಈಗ ಯಾರು ಬರ್ತಾರ್ರೀ ಇಲ್ಲಿ?” ಎಂದಳು ಸರೋಜಾ.

“ಯಾರೂ ಬರಲ್ಲ ಅಂದ್ಕೊಂಡಾಗ್ಲೇ ಬರೋದು,” ಎಂದೆ. ಅದು ನನ್ನ ಜೀವಮಾನದ ಅನುಭವ.

ಯಾರೂ ಬರಲಿಲ್ಲ. ಸಂಜೆ ಹಡಗು ಹಿಂತಿರುಗಿತು.

ಲಿಂಕೋಪಿಂಗ್‌ಗೆ ಮರಳಿದ ಮೇಲೆ ಒಂದು ಭಾನುವಾರ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿರುವ ಕನ್ನಡದ ಹುಡುಗರು ಫೀಕಾಕ್ಕೆ ಬಂದರು. ಕಾಫಿಯ ಜೊತೆ ದಾಲ್ಚಿನ್ನಿ ಬನ್ನು ತಿನ್ನುವ ಕಾರ್ಯಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನಾನು ಹಡಗಿನ ವೈಭವವನ್ನು ವರ್ಣಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಒಬ್ಬ, “ಆಂಟಿ, ಸೀ ಹೇಗಿತ್ತು? ವಾಟರ್ ಫುಲ್ ಬ್ಲೂ ಅಂತೆ?” ಎಂದು ಕೇಳಿದ.

“ನಂಗೇನು ಗೊತ್ತಪ್ಪ,” ಎಂದಳು ಸರೋಜಾ. “ಕುರ್ಚಿ ಚೆನ್ನಾಗಿತ್ತು.”

ಎಲ್ಲರೂ ನಕ್ಕರು, ಅವಳೊಬ್ಬಳನ್ನು ಬಿಟ್ಟು. ಯಾರಿಗೂ ಬೇಡದಿದ್ದರೂ ಇನ್ನಷ್ಟು ಕಾಫಿ ತರಲು ನಾನು ಒಳಗೆ ಹೋದೆ. ಸಕ್ಕರೆ ಡಬ್ಬಿ ಕಣ್ಣೆದುರಿಗೇ ಇದ್ದರೂ ಬಹಳ ಹೊತ್ತು ಹುಡುಕಿದೆ.

ಪಶ್ಚಾತ್ತಾಪವೆಂಬುದು ಬಂದರೆ ಒಳ್ಳೆಯ ಹವಾಮಾನ ನೋಡಿಕೊಂಡು ಬರಬೇಕು. ನನ್ನದು ಜೂನ್‌ವರೆಗೆ ಕಾಯಬೇಕಾಯಿತು. ಇಲ್ಲಿ ಬೇಸಿಗೆ ಎಂದರೆ ನೀರು ಗಡ್ಡೆ ಕಟ್ಟಿಲ್ಲ ಎಂದಷ್ಟೇ ಅರ್ಥ. ಬಸ್ಸು ಹಿಡಿದು ಅವಳನ್ನು ಊರಾಚೆಯ ಕೆರೆಗೆ ಕರೆದುಕೊಂಡು ಹೋದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗಿಳಿದ ಸರೋಜಾ ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿ ನೋಡಿದಳು.

“ಅಲೆನೂ ಇಲ್ಲ, ಉಪ್ಪೂ ಇಲ್ಲ,” ಎಂದಳು. ಆಮೇಲೆ, “ಬನ್ರೀ, ಅಲ್ಲೇನು ಕಾಯ್ತಾ ನಿಂತಿದ್ದೀರಿ?”

ಪ್ಯಾಂಟು ಮಡಿಸಿ ಇಳಿದೆ. ಪಾದವೆಂಬುದೊಂದು ನನಗಿತ್ತು ಎಂಬ ನೆನಪು ಮಾತ್ರ ಉಳಿಯಿತು. ‘ತಪ್ಪಾಯ್ತು ಸರೋಜಾ’ ಎಂದು ಹೇಳಲು ಮನೆಯಿಂದಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿದ್ದುದರಿಂದ ಮಾತು ಹೊರಗೆ ಬರಲಿಲ್ಲ. ಚಳಿಗಾಳಿಗೆ ಕಣ್ಣಲ್ಲಿ ದಳದಳ ನೀರು ಬಂತು.

ಅವಳು ನನ್ನ ಮುಖ ನೋಡಿ ಮೆತ್ತಗಾದಳು. ಹತ್ತಿರ ಬಂದು ತೋಳು ಹಿಡಿದುಕೊಂಡಳು. “ಹೋಗ್ಲಿ ಬಿಡ್ರೀ,” ಎಂದಳು, “ಅಷ್ಟಕ್ಕೆಲ್ಲ ಯಾಕೆ ಅಳ್ತೀರಿ?”

ಅದು ಚಳಿಗೆ ಬಂದ ನೀರು ಎಂದು ಅವಳಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.