ಕಾಕಾನ ಪಿಕಪ್ಪಿನ ನಾಲ್ಕೂ ಗಾಲಿ

ಹುನಗುಂದದಲ್ಲಿ ಗ್ಯಾರೇಜು ಇಟ್ಟುಕೊಂಡವನಿಗೆ ನಗುವುದಕ್ಕೆ ಬೇರೆ ಕಡೆ ಹೋಗುವ ಕೆಲಸವಿಲ್ಲ, ಅಳುವುದಕ್ಕೂ ಇಲ್ಲ. ಎರಡೂ ಒಂದೇ ಗಾಡಿಯಲ್ಲಿ ಕೂತು ಬಾಗಿಲಿಗೆ ಬರುತ್ತವೆ. ಹಾಗೆ ಬಂದು ನನ್ನ ತಲೆ ಎಲ್ಲಕ್ಕಿಂತ ಹೆಚ್ಚು ತಿಂದದ್ದು ಒಂದು ಬಿಳಿ ಪಿಕಪ್ಪು. ಅದರ ಮಾಲೀಕ ಮಲಪ್ರಭೆ ದಂಡೆಯ ಕಡೆ ಕುರಿ ಸಾಕುವ ಮನುಷ್ಯ. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಅಂದೆ. ಆತ ಕಾಕಾ ಆದ ಮೇಲೆ ಆತನ ಹೆಂಡತಿ ನನಗೆ ಚಿಗವ್ವ. ಮಕ್ಕಳಿಲ್ಲದ ಮನೆ.

ಚಿಗವ್ವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಬಾಗಲಕೋಟೆಯ ದವಾಖಾನೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಆಕೆ ಅದಕ್ಕೆ ‘ರಕ್ತ ತೊಳಿಸೂದು’ ಅನ್ನುತ್ತಿದ್ದಳು. ಅವರ ಹೊಲದ ಮನೆಯಿಂದ ಡಾಂಬರು ರಸ್ತೆಯವರೆಗೆ ಎರೆಮಣ್ಣಿನ ದಾರಿ. ಮಳೆ ಬಿದ್ದರೆ ಆ ಮಣ್ಣು ಕಾಲು ಬಿಡುವುದಿಲ್ಲ, ಗಾಲಿಯನ್ನಂತೂ ಬಿಡುವುದೇ ಇಲ್ಲ. ಹಿಂದಿನ ಮಳೆಗಾಲದಲ್ಲಿ ಪಿಕಪ್ಪು ಹೂತುಕೊಂಡು ಒಂದು ಸಲದ ರಕ್ತ ತೊಳೆಸುವುದು ತಪ್ಪಿತು. ಚಿಗವ್ವ ಮೈಯೆಲ್ಲ ಬಾತು, ಉಸಿರು ಸಿಗದೆ ಒದ್ದಾಡಿ, ಹೇಗೋ ಉಳಿದಳು. ಅಂದಿನಿಂದ ಮೋಡ ಕಟ್ಟಿದರೆ ಕಾಕಾ ಊಟ ಬಿಡುತ್ತಿದ್ದ. ‘ಈ ಕಡೆ ಮಳಿ ಬ್ಯಾಡಪಾ’ ಎಂದು ಬೀರಪ್ಪನಿಗೆ ಹರಕೆ ಹೊತ್ತ ರೈತ ಈ ಜಿಲ್ಲೆಯಲ್ಲಿ ಆತನೊಬ್ಬನೇ ಇರಬೇಕು.

ಪೇಷಂಟ್ ಯಾರು?

ಆ ಪಿಕಪ್ಪಿನ ಎಂಜಿನ್ ತಿರುಗಿಸುತ್ತಿದ್ದುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ಹಿಂದೆ ಭಾರವಿಲ್ಲದಿದ್ದರೆ ಅವು ಕೆಸರಿನಲ್ಲಿ ನಿಂತಲ್ಲೇ ಗರಗರ ತಿರುಗುತ್ತವೆ. ಇದನ್ನು ಅರಿತ ಕಾಕಾ ಭಾರಕ್ಕೆಂದು ತನ್ನ ಟಗರುಗಳನ್ನೇ ಹಿಂದೆ ತುಂಬಿಕೊಂಡು ದವಾಖಾನೆಗೆ ಹೊರಟ. ಗಾಡಿ ಕೆಸರು ದಾಟಿತು. ದವಾಖಾನೆಯ ಗೇಟಿನಲ್ಲಿ ಕಾವಲುಗಾರ ತಡೆದ.

“ಏನ್ರೀ ಇದು? ದನದ ದವಾಖಾನಿ ಆ ಕಡೆ ಐತಿ.”

“ಗೊತ್ತೈತ್ರಿ,” ಅಂದ ಕಾಕಾ. “ಪೇಷಂಟ್ ಮುಂದ ಕೂತಾಳ. ಇವು ಆಕಿನ್ನ ಬಿಡಾಕ ಬಂದಾವು.”

“ಪೇಷಂಟ್ ಸಂಗಾಟ ಒಬ್ಬರನ್ನಷ್ಟ ಒಳಗ ಬಿಡ್ತೀವ್ರಿ.”

ಒಳಗಿನಿಂದ ಚಿಗವ್ವ ಏದುಸಿರು ಬಿಡುತ್ತಲೇ ಹೇಳಿದಳಂತೆ: “ಹಂಗಾದ್ರ ಒಂದ ಟಗರ ಬಿಡ್ರೀಪಾ. ಅದು ಸುಮ್ಮನ ಕುಂದರ್ತೈತಿ. ಇವರು ಕುಂದ್ರಂಗಿಲ್ಲ.”

ಬೈ ಟೂ

ಯಾರೋ ತಿಳಿದವರು ಕಾಕಾನ ಕಿವಿಯಲ್ಲಿ ಹೊಸ ಮಾತು ಹಾಕಿದ್ದರು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂತೆ ಮಾಡಿದರೆ ಕೆಸರಿನ ಕಾಟವಿಲ್ಲ, ಟಗರಿನ ಕಾಟವೂ ಇಲ್ಲ. ಎರಡು ಗಾಲಿಗಷ್ಟೇ ಬಲವಿದ್ದರೆ ಅದು ಫೋರ್ ಬೈ ಟೂ, ನಾಲ್ಕಕ್ಕೂ ಇದ್ದರೆ ಫೋರ್ ಬೈ ಫೋರ್. ಅದಕ್ಕೇ ಇಬ್ಬರೂ ನನ್ನ ಗ್ಯಾರೇಜಿಗೆ ಬಂದರು. ಎದುರಿಗೇ ಚಾದಂಗಡಿ. ಚಿಗವ್ವನಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರರು ಅಳೆದು ಕೊಟ್ಟಿದ್ದರಿಂದ ಅವರು ಯಾವಾಗಲೂ ಕುಡಿಯುತ್ತಿದ್ದುದು ಬೈ ಟೂ, ಒಂದು ಚಾ ಎರಡು ಕಪ್ಪಿಗೆ. ಆವತ್ತೂ ಅದನ್ನೇ ಹಿಡಿದು ಕೂತಿದ್ದರು.

ಕಾಕಾ ಅಲ್ಲಿಂದಲೇ ನನಗೆ ಕೂಗಿದ: “ತಮ್ಮಾ, ಈಗ ಫೋರ್ ಬೈ ಟೂ ಐತಂತ. ಫೋರ್ ಬೈ ಫೋರ್ ಮಾಡಬೇಕು. ಎಷ್ಟೊತ್ತ ಹಿಡೀತೈತಿ?”

ನಾನು ಬಾಯಿ ತೆರೆಯುವ ಮೊದಲೇ ಚಾದವನು ಕೂಗಿದ: “ಐದ ನಿಮಿಷ ತಡೀರಿ!”

ಆಮೇಲೆ ಸೌಟು ಹಿಡಿದು ನಿಂತು ಲೆಕ್ಕ ಹಾಕಿದ. “ಅಲ್ಲ ಕಾಕಾ, ನಾಕ ಚಾ ನಾಕ ಮಂದಿಗೆ ಅಂದ್ರ ತಲಿಗೊಂದು ಪೂರಾ ಆತು. ನಡುವ ‘ಬೈ’ ಯಾಕ? ಮತ್ತ ಈಗ ಫೋರ್ ಬೈ ಟೂ ಐತಿ ಅಂದ್ರ, ನೀವಿಬ್ಬರ ಕೂಡಿ ನಾಕ ಚಾ ಕುಡದ್ರೇನು?”

ಚಿಗವ್ವ ಗಾಬರಿಯಾಗಿ ಕಪ್ಪು ಕೆಳಗಿಟ್ಟಳು. “ಸಾವಕಾಶ ಮಾತಾಡೋ ಯಪ್ಪಾ. ಆ ಡಾಕ್ಟರು ಬೈ ಟೂಕ್ಕೇ ಬೈತಾರ.”

ಇಳಕಲ್ಲಿನ ಜೀಪು

ಈ ಕೆಲಸಕ್ಕೆ ಮುಖ್ಯವಾಗಿ ಎರಡು ಸಾಮಾನು ಬೇಕು. ಗಾಲಿ ತಿರುಗಿಸುವಂಥ ಬೇರೆ ಮುಂದಿನ ಅಚ್ಚು, ನಮ್ಮ ಮಾತಿನಲ್ಲಿ ಎಕ್ಸೆಲ್, ಒಂದು. ಎಂಜಿನ್ನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ ಇನ್ನೊಂದು. ಅದಕ್ಕೆ ಟ್ರಾನ್ಸ್‌ಫರ್ ಕೇಸ್ ಅನ್ನುತ್ತಾರೆ. ಹೆಸರು ಕೇಳಿದ್ದೇ ಕಾಕಾ ಕೈಮುಗಿದ.

“ಕೇಸ್ ಒಂದ ಬ್ಯಾಡೋ ತಮ್ಮಾ. ನಮ್ಮಣ್ಣನ ಸಂಗಾಟ ಹೊಲದ ಕೇಸ್ ಇನ್ನೂ ನಡದೈತಿ. ಅದು ಮುಗಿಯೂದ್ರಾಗ ಯಾರರೆ ಒಬ್ಬಾಂವ ಸಾಯ್ತೀವಿ.”

ಇದು ಕೋರ್ಟಿಗೆ ಹೋಗದ ಕೇಸು ಎಂದು ತಿಳಿಹೇಳಿ, ಇಳಕಲ್ಲಿನ ಗುಜರಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಹಳೆಯ ಜೀಪು ಬಿದ್ದಿತ್ತು. ಎರಡೂ ಸಾಮಾನು ಅದರಲ್ಲೇ ಇದ್ದವು. ಕಾಕಾ ಸುತ್ತ ತಿರುಗಿ, ಟಗರಿನ ಹಲ್ಲು ನೋಡುವವನ ಹಾಗೆ ಬಗ್ಗಿ ನೋಡಿದ.

“ಇದರ ಮಾಲಕರು ಎಲ್ಲಿಯವರ್ರಿ?”

ಗುಜರಿಯವನು ಪ್ರಾಮಾಣಿಕ. “ಮೂರ ಮಂದಿ ಇಟ್ಟಿದ್ರು ಕಾಕಾ. ಮೊದಲನೇದವರು ಹಾರ್ಟ್ ಅಟ್ಯಾಕು. ಎರಡನೇದವರಿಗೆ ಹಾವು ಕಡೀತು. ಮೂರನೇದವರು ಹಿಂಗ ಊಟಕ್ಕ ಕೂತಿದ್ರು, ಕೂತಾವರು ಏಳಲೇ ಇಲ್ಲ.”

ಹಾಳಾದವನೇ, ಇದನ್ನೆಲ್ಲ ಯಾರು ಕೇಳಿದರು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ವ್ಯವಹಾರ ಮುರಿಯಿತು ಅಂತಲೇ ನನ್ನ ಎಣಿಕೆ. ಕಾಕಾ ಮಾತ್ರ ಎಕ್ಸೆಲ್ಲಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದ: “ಮಾಲಕರ ಮಾತ ಬಿಡ್ರಿ. ಜೀಪಿಗೆ ಏನಾರ ತ್ರಾಸ ಆಗಿತ್ತೇನು?”

ಒಂದು ಬಾದಾಮಿಗೆ, ಒಂದು ಇಳಕಲ್ಲಿಗೆ

ಜೋಡಣೆ ಮುಗಿಯುವುದರಲ್ಲಿ ನನ್ನ ಸೊಂಟ ಮುರಿಯಿತು. ಗಾಡಿಯ ರೂಪ ಬದಲಿಸಲು ಪರವಾನಗಿ ತೆಗೆದುಕೊಂಡ ಕತೆ ಬೇರೆಯೇ ಇದೆ. ಅದನ್ನು ನಗುವ ಮಾತಿನ ನಡುವೆ ತರುವಷ್ಟು ನನಗಿನ್ನೂ ಸಮಾಧಾನವಾಗಿಲ್ಲ.

ಪರೀಕ್ಷೆಗೆಂದು ಗ್ಯಾರೇಜಿನ ಹಿಂದಿನ ಬಯಲಿಗೆ ನೀರು ಬಿಟ್ಟು ಕೆಸರು ಮಾಡಿದೆವು. ನಾಲ್ಕೂ ಗಾಲಿಗೆ ಬಲ ಕೊಡಲು ಗೇರಿನ ಪಕ್ಕದಲ್ಲಿ ಕೂರಿಸಿದ ಹೊಸ ಲಿವರಿಗೆ ಕಾಕಾ ಬೀರಪ್ಪನ ಭಂಡಾರದ ಅರಿಸಿನ ಹಚ್ಚಿದ. ಚಿಗವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಲಿವರ್ ಎಳೆದು, ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ನರಳಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ, ನಿಂತಲ್ಲೇ ಗಡಗಡ ನಡುಗತೊಡಗಿತು. ಬಾಗಿಲಿನಿಂದ ಬಗ್ಗಿ ನೋಡಿದರೆ ಹಿಂದಿನ ಗಾಲಿಗಳು ಮುಂದಕ್ಕೆ ತಿರುಗುತ್ತಿವೆ, ಮುಂದಿನವು ಹಿಂದಕ್ಕೆ! ಮುಂದಿನ ಎಕ್ಸೆಲ್ಲಿನ ನಡುವಿನ ಹಲ್ಲುಗಾಲಿಯ ಗುಂಡು, ಡಿಫರೆನ್ಶಿಯಲ್, ತಿರುವುಮುರುವಾಗಿ ಕೂತಿತ್ತು. ಕೂರಿಸಿದವರು ಯಾರು ಎಂಬ ವಿಚಾರ ಇಲ್ಲಿ ಬೇಡ.

“ಒಂದ ಜೋಡಿ ಬಾದಾಮಿಗೆ ಹೊಂಟೈತಿ, ಒಂದ ಜೋಡಿ ಇಳಕಲ್ಲಿಗೆ,” ಎಂದು ಕಾಕಾ ತಲೆ ಮೇಲೆ ಕೈಹೊತ್ತು ಕೂತ. ಮಳೆಗಾಲ ಬಾಗಿಲಿಗೆ ಬಂದಿತ್ತು. ಆತನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ.

ಚಿಗವ್ವ ಮಾತ್ರ ಸೀಟಿನಿಂದ ಇಳಿಯಲೇ ಇಲ್ಲ. “ಯಾಕ ಅಳತೀರಿ? ನಾವಿಬ್ರೂ ಮದಿವ್ಯಾದಾಗಿಂದ ಹಿಂಗ ಅದೀವಿ. ಗಾಡಿ ನಮ್ಮನ್ನ ನೋಡಿ ಕಲತೈತಿ.”

ಮಂದಿ ಏನಂತಾರ

ತಿರುವುಮುರುವು ಸರಿಯಾಯಿತು. ಮಳೆಗಾಲ ಶುರುವಾಯಿತು. ಕಾಕಾ ದವಾಖಾನೆಯ ದಿನ ಮಾತ್ರ ಆ ಲಿವರ್ ಎಳೆಯುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ. ದಾರಿಯಲ್ಲಿ ನನ್ನ ಗ್ಯಾರೇಜಿನ ಮುಂದೆ ಹಾರ್ನ್ ಹೊಡೆದು, ಕೆಸರು ಮೆತ್ತಿದ ನಾಲ್ಕೂ ಗಾಲಿ ತೋರಿಸಿ ಹೋಗುತ್ತಿದ್ದ.

ಮಳೆ ಜೋರು ಹಿಡಿದ ಒಂದು ಸಂಜೆ ಕುರಿ ದಡ್ಡಿಯಲ್ಲಿ ಕಾಕಾ ಎದೆ ಹಿಡಿದುಕೊಂಡು ಕೂತ. ಕೂತವನು ಏಳಲಿಲ್ಲ. ಸುದ್ದಿ ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು, ಆ ಜೀಪಿನ ಮೇಲೆ, ಆ ಗುಜರಿಯವನ ಮೇಲೆ. ದುಃಖ ಆಮೇಲೆ ಬಂತು, ಇನ್ನೂ ಹೋಗಿಲ್ಲ.

ಮರುದಿನ ಬೆಳಿಗ್ಗೆ ಮಣ್ಣು ಮಾಡುವುದು ಹೊಲದ ಆಚೆ ತುದಿಯಲ್ಲಿ. ಹೆಗಲು ಕೊಟ್ಟವರು ಎರೆಮಣ್ಣಿನಲ್ಲಿ ಹೆಜ್ಜೆಗೊಮ್ಮೆ ಜಾರುತ್ತಿದ್ದರು. ಕೊನೆಗೆ ಕಾಕಾನನ್ನು ಪಿಕಪ್ಪಿಗೇ ಏರಿಸಿದರು. ಹೊಸ ಲಿವರಿನ ವಿದ್ಯೆ ಗೊತ್ತಿದ್ದವನು ನಾನೊಬ್ಬನೇ ಆದ್ದರಿಂದ ನಾನೇ ನಡೆಸಿದೆ. ಅಷ್ಟರಲ್ಲಿ ಹೊಲದ ಕೇಸು ನಡೆಸಿದ್ದ ಕಾಕಾನ ಅಣ್ಣನ ಕಾರು ದಾರಿಯ ನಡುವೆ ಹೂತುಹೋಯಿತು. ಹಗ್ಗ ಕಟ್ಟಿದೆವು. ಹಿಂದೆ ಕಾಕಾ ಮಲಗಿದ್ದ ಹಾಗೆಯೇ ಪಿಕಪ್ಪು ಅಣ್ಣನನ್ನೂ ಕಾರನ್ನೂ ಕುಣಿಯವರೆಗೆ ಎಳೆದುಕೊಂಡು ಹೋಯಿತು.

ಮಣ್ಣು ಕೊಟ್ಟಾಯಿತು. ಎಲ್ಲರೂ ಕೈಕಾಲು ತೊಳೆಯುತ್ತಿರುವಾಗ ಚಿಗವ್ವ ಒಂದು ಕೈಚೀಲ ಹಿಡಿದು ಬಂದು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತಳು. ಕಣ್ಣು ಬಾತಿದ್ದವು, ಕಾಲೂ ಬಾತಿದ್ದವು. ಆವತ್ತು ರಕ್ತ ತೊಳೆಸುವ ದಿನ.

“ನಡಿ ತಮ್ಮಾ, ಬಾಗಲಕೋಟಿಗೆ.”

ಗುಂಪಿನಲ್ಲಿ ಗುಜುಗುಜು ಎದ್ದಿತು. ಅಣ್ಣ ಮುಂದೆ ಬಂದು ಬಾಗಿಲಿಗೆ ಅಡ್ಡ ನಿಂತ. ಮೊಣಕಾಲಿನವರೆಗೆ ಕೆಸರು, ಒಂದು ಚಪ್ಪಲಿ ಮಣ್ಣಿನೊಳಗೇ ಉಳಿದಿತ್ತು. “ಏನವಾ ಇದು? ಗಂಡನ್ನ ಮಣ್ಣ ಮಾಡಿದ ದಿನಾ ಹೆಣ್ಮಗಳು ಮನಿ ಬಿಟ್ಟು ಹೊಂಡ್ತಾಳೇನು? ಮಂದಿ ಏನಂತಾರ?”

ಚಿಗವ್ವ ಅಳುತ್ತಲೇ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಇವತ್ತ ನಾ ಹೋಗಲಿಲ್ಲಂದ್ರ, ಭಾವಾ, ನಾಡದ ನನ್ನ ಸಲುವಾಗಿ ಇದ ಮಂದಿ ಇದ ಕೆಸರಾಗ ಮತ್ತ ಬರಬೇಕಾಗ್ತೈತಿ. ಬರ್ತೀರೇನು?”

ಅಣ್ಣ ತನ್ನ ಕಾರು ನೋಡಿದ, ಬರಿಗಾಲು ನೋಡಿದ, ಮೇಲೆ ಮೋಡ ನೋಡಿದ. ಆಮೇಲೆ ತಾನೇ ಪಿಕಪ್ಪಿನ ಬಾಗಿಲು ಹಾಕಿದ.

“ಲಗೂನ ಹೋಗ ತಾಯಿ, ಹೊತ್ತಾಗ್ತೈತಿ,” ಅಂದ. ನನ್ನ ಕಡೆ ಬಗ್ಗಿ ದನಿ ತಗ್ಗಿಸಿದ. “ತಮ್ಮಾ, ಆ ಹಗ್ಗ ಬಿಚ್ಚಬ್ಯಾಡ. ಡಾಂಬರಿನ ತನಕ ನನ್ನೂ ಎಳಕೊಂಡ ನಡಿ.”