ಹೊನೊಲುಲುವಿನಲ್ಲಿ ಕಾಗೆ ಇಲ್ಲ

ನಮ್ಮ ಮನೆಯ ಹಣೆಬರಹವೇ ಹೀಗೆ. ಬಾಯಿ ಮುಚ್ಚಿಕೊಂಡು ಅಳಬೇಕಾದ ಹೊತ್ತಿಗೇ ನಗು ಬರುವಂಥದ್ದು ಏನಾದರೊಂದು ಆಗುತ್ತದೆ. ಮಾವ ತೀರಿಕೊಂಡಾಗಲೂ ಹಾಗೇ ಆಯಿತು.

ಬಜಿ

ಮಾವ ಹುಬ್ಬಳ್ಳಿಯಲ್ಲಿ ಇತಿಹಾಸದ ಮಾಸ್ತರರಾಗಿ ರಿಟೈರ್ ಆದವರು. ಕಡಲಾಚೆ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಲೈಬ್ರರಿಯಿಂದ ಹೊನೊಲುಲು ಎಂಬ ದ್ವೀಪದೂರಿನ ಪುಸ್ತಕ ತಂದು ಮೂರು ಸಲ ಓದಿದರು. ಮಾವ, ಅತ್ತೆ, ನಾವಿಬ್ಬರು, ನಮ್ಮ ಮಗಳು, ಐದೂ ಜನ ಅಲ್ಲಿಗೆ ಹೋಗಲೇಬೇಕೆಂದು ಹಟ ಹಿಡಿದು ನನ್ನ ಗಂಡನ ಕೈಲಿ ಟಿಕೆಟ್ ಮಾಡಿಸಿದರು. ಊಟಕ್ಕೆ ಕೂತರೆ ಪಾಠ. ದ್ವೀಪಗಳನ್ನೆಲ್ಲ ಒಂದು ಮಾಡಿದ ರಾಜ, ತನ್ನದೇ ಅರಮನೆಯಲ್ಲಿ ಸೆರೆಯಾಗಿ ಕೌದಿ ಹೊಲಿಯುತ್ತ ಕೂತ ಕೊನೆಯ ರಾಣಿ.

"ನನಗೆ ಕೌದಿ ಹೊಲಿಯೋಕೂ ಪುರುಸೊತ್ತಿಲ್ಲ ಮಾವಾರ, ನಿಮ್ಮ ರಾಣೀನೇ ಪುಣ್ಯವಂತೆ" ಅಂದೆ.

"ಆಕಿ ಓದಿದಾಕಿ. ನೀ ಹತ್ತಕ್ಕ ಯಾಕ ನಿಂತಿ? ಓದು ಅಂದ್ರ ಹತ್ತನೇ ಸ್ಟಾಪಿಗೆ ಇಳಿಯೂ ಬಸ್ಸೇನು?"

ಮರುದಿನ ಓದು ಬಿಟ್ಟ ದೊಡ್ಡವರಿಗೆ ಕಲಿಸುವ ಶಾಲೆಯ ಫಾರ್ಮು ತಂದು ನನ್ನ ಮುಂದಿಟ್ಟರು. ನನಗೆ ಸಿಟ್ಟು. ಸಂಜೆ ಮಿರ್ಚಿಬಜಿ ಕರಿದು, ಎಣ್ಣೆ ಹೀರಲಿ ಅಂತ ಅದೇ ಕಾಗದದ ಮೇಲೆ ಹಾಕಿ ಅವರಿಗೇ ಕೊಟ್ಟೆ. ಅವರು ಒಂದೊಂದೇ ತಿಂದರು. ಕೊನೆಯ ಬಜಿ ಎತ್ತಿದಾಗ ಅಕ್ಷರ ಕಂಡವು.

"ಬಜಿ ಭಾಳ ಚಲೋ ಆಗ್ಯಾವ" ಅಂದರು. "ಫಾರ್ಮು ಇನ್ನೊಂದು ತರ್ತೀನಿ."

ತರಲಿಲ್ಲ. ಆ ವಾರವೇ ಹೃದಯ ನಿಂತು ಹೋದರು.

ಪಿಜ್ಜಾ

ಹತ್ತನೇ ದಿನ ಪಾರ್ಕಿನಲ್ಲಿ ಪಿಂಡ ಇಟ್ಟು ಕಾಗೆಗಾಗಿ ಕಾದೆವು. ಇಲ್ಲಿ ಕಾಗೆಗೇನೂ ಬರವಿಲ್ಲ, ಏಳೆಂಟು ಬಂದವು. ಬಂದು ಪಿಂಡವನ್ನು ನೋಡಿ, ಪಕ್ಕದ ಕಸದ ಡಬ್ಬಿಯ ಮೇಲೆ ಕೂತು ಯಾರೋ ಬಿಸಾಕಿದ ಪಿಜ್ಜಾ ತಿಂದವು.

ಕರ್ಮ ಮಾಡಿಸುತ್ತಿದ್ದ ಭಟ್ಟರಿಗೆ ಮಾರ್ಗನ್ ಹಿಲ್ ಊರಿನಲ್ಲಿ ಗೃಹಪ್ರವೇಶ ಕಾದಿತ್ತು. "ಏನೋ ಆಸೆ ಉಳಿದಿದೆ. ದರ್ಭೆಯ ಕಾಗೆ ಮಾಡಿ ಮುಟ್ಟಿಸಿ ಮುಗಿಸೋಣ" ಅಂದರು.

"ದರ್ಭಿ ಕಾಗಿ ಬ್ಯಾಡ್ರಿ" ಅಂದರು ಅತ್ತೆ. "ಹೊನೊಲುಲು ನೋಡಲಾರದ ಹೋಗ್ಯಾರ. ಅಲ್ಲೇ ಹೋಗಿ ಅಸ್ಥಿ ಬಿಟ್ಟು ಪಿಂಡ ಇಡೂಣು. ಟಿಕೆಟ್ ಅದಾವಲ್ಲ."

ಉಳಿದ ಆಸೆ ಯಾವುದೆಂದು ನನಗೆ ಗೊತ್ತಿತ್ತು. ಎಂಟು ವರ್ಷದ ನನ್ನ ಮಗಳು ಕಣ್ಣೊರೆಸಿಕೊಂಡು ಕೇಳಿದಳು: "ಮೇಬಿ ಅಜ್ಜಾ ವಾಂಟ್ಸ್ ಪಿಜ್ಜಾ?"

ಕಿಟಕಿ ಸೀಟು

ವಿಮಾನದಲ್ಲಿ ಮಾವನ ಕಿಟಕಿ ಸೀಟು ಖಾಲಿ. ಅತ್ತೆ ಅಸ್ಥಿಯ ಡಬ್ಬಿಯನ್ನು ಅಲ್ಲಿಟ್ಟು ಬೆಲ್ಟ್ ಬಿಗಿದರು. ಗಗನಸಖಿ ಬಂದು, ಚೀಲ, ಡಬ್ಬಿ ಎಲ್ಲ ಮುಂದಿನ ಸೀಟಿನ ಕೆಳಗಿಡಬೇಕು ಅಂದಳು. ನಾನು ಅತ್ತೆಗೆ ಹೇಳಿದೆ.

"ಮೂವತ್ತು ವರ್ಷ ಮಾಸ್ತರಿಕಿ ಮಾಡಿದವರು, ಮಂದಿ ಕಾಲಾಗ ಕುಂಡ್ರಂಗಿಲ್ಲ ಅಂತ ಹೇಳು ಆಕಿಗೆ!"

ಡಬ್ಬಿಯಲ್ಲಿ ಏನಿದೆ ಎಂದು ಅವಳು ಕೇಳಿದಳು. "ಮೈ ಗ್ರ್ಯಾಂಡ್‌ಪಾ" ಅಂದಳು ಮಗಳು. ಗಗನಸಖಿಯ ಮುಖ ಬಿಳಿಚಿಕೊಂಡಿತು. ಇಳಿಯುವ ತನಕ ಆ ಡಬ್ಬಿಯ ಸುದ್ದಿಗೆ ಬರಲಿಲ್ಲ. ಜ್ಯೂಸ್ ಹಂಚುವಾಗ ಮಾತ್ರ ನಾಲ್ಕು ಕೊಡುವ ಬದಲು ಐದು ಕೊಟ್ಟು ಹೋದಳು.

ರಾಣಿಯ ಕೋಣೆ

ಹೊನೊಲುಲುವಿನಲ್ಲಿ ಮನೆಯೊಳಗೆ ಯಾರೂ ಇರುವುದಿಲ್ಲವೋ ಏನೋ. ಬೆಳಗಾದರೆ ಮುದುಕರು ಕೂಡ ಚಡ್ಡಿ ಹಾಕಿಕೊಂಡು, ತಮಗಿಂತ ಉದ್ದದ ಹಲಗೆ ಹೊತ್ತು ಅಲೆ ಸವಾರಿಗೆ ಓಡುತ್ತಾರೆ. ಅವರ ನಡುವೆ ಇಳಕಲ್ ಸೀರೆ, ಕಾಲುಚೀಲ, ಸ್ವೆಟರಿನ ನಮ್ಮ ಅತ್ತೆ.

ಹಾರಗಳನ್ನು ಹೊತ್ತು, ಕೈ ಚಾಚಿ ನಿಂತ ಮಾವನ ಪಾಠದ ಆ ರಾಜನ ವಿಗ್ರಹಕ್ಕೆ ಅತ್ತೆ ಮೂರು ಸುತ್ತು ಹಾಕಿ ಅಡ್ಡಬಿದ್ದರು. ದೇವರಲ್ಲ, ರಾಜ ಅಂದೆ. "ಗೊತ್ತದ. ನಿಮ್ಮ ಮಾವನ ಗುರ್ತಿನವರು" ಅಂದರು.

ಎದುರಿಗೇ ಅರಮನೆ. ರಾಣಿಯನ್ನು ಇಟ್ಟಿದ್ದ ಕೋಣೆಯಲ್ಲಿ ಅವಳ ಕೌದಿ ಇತ್ತು. ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. 'ಆಕಿ ಓದಿದಾಕಿ' ಅಂದ ಮಾವನ ಮಾತು ನೆನಪಾಯಿತು. ಅತ್ತೆ ನನ್ನ ಮೊಣಕೈ ತಿವಿದರು.

"ಅರಮನಿ ತೋರ್ಸೂ ಆ ಹೆಂಗಸಿಗೆ ಕೇಳು, ರಾಣಿ ಒಳಗ ಕುಂತಾಗ ಮುಸುರಿ ಯಾರು ತಿಕ್ಕತಿದ್ರು?"

ಮಾತು

ಮರುದಿನ ದೋಣಿಯಲ್ಲಿ ದೂರ ಹೋಗಿ ಅಸ್ಥಿ ಬಿಟ್ಟೆವು. ವಾಪಸು ಬರುವಾಗ ನನ್ನ ಗಂಡ ದೋಣಿಯವನನ್ನು, ಇಲ್ಲಿ ಕಾಗೆ ಎಲ್ಲಿ ಸಿಗುತ್ತವೆ ಎಂದು ಕೇಳಿದರು.

"ಕಾಗೆಯಾ? ಈ ಊರಲ್ಲಿ ಇಲ್ಲವಲ್ಲ!"

ಎರಡು ಸಾವಿರ ಮೈಲಿ ಹಾರಿ ಬಂದಿದ್ದೆವು. ಯಾರೊಬ್ಬರೂ ಇದನ್ನು ವಿಚಾರಿಸಿರಲಿಲ್ಲ.

ಅತ್ತೆ ಬಿಡಲಿಲ್ಲ. ದಂಡೆಯ ಮರದ ಕೆಳಗೆ ಎಲೆ ಹಾಸಿ ಪಿಂಡ ಇಟ್ಟು ಕೂತರು. "ಅವರಿಗೆ ಏನರೆ ಮಾತು ಕೊಡ್ರಿ. ಇಲ್ಲಾಂದ್ರ ಬರಂಗಿಲ್ಲ."

"ಅಪ್ಪಾ, ಅವ್ವನ್ನ ಚೆನ್ನಾಗಿ ನೋಡ್ಕೋತೀನಿ" ಅಂದರು ನನ್ನ ಗಂಡ. ಏನೂ ಬರಲಿಲ್ಲ.

"ನಿಮ್ಮ ಪುಸ್ತಕ ರದ್ದಿಗೆ ಹಾಕಂಗಿಲ್ಲರಿ" ಅಂದರು ಅತ್ತೆ. ಏನೂ ಇಲ್ಲ. ಅರ್ಧ ಗಂಟೆ ಕಳೆಯಿತು. ಅತ್ತೆಯ ಕಣ್ಣಲ್ಲಿ ಮೊದಲ ಸಲ ನೀರು ಕಂಡಿತು. "ಹಸದೇ ಹೋಗ್ತಾರೇನ ಇವರು" ಅಂದು ನನ್ನ ಕಡೆ ತಿರುಗಿದರು.

ನಾನು ಎಲೆಯ ಮುಂದೆ ಕೂತೆ. "ಫಾರ್ಮು ತುಂಬ್ತೀನಿ ಮಾವಾರ. ಶಾಲೆಗೆ ಹೋಗ್ತೀನಿ. ಬಜಿ ವಿಷಯ ತಪ್ಪಾಯ್ತು."

ಪೊದೆ ಅಲ್ಲಾಡಿತು. ಕೆಂಪು ಜುಟ್ಟಿನ ದೊಡ್ಡ ಹುಂಜವೊಂದು ಹೊರಗೆ ಬಂದು, ನಮ್ಮನ್ನೆಲ್ಲ ಕ್ಲಾಸ್‌ರೂಮ್ ನೋಡಿದಂತೆ ನೋಡಿ, ಪಿಂಡವನ್ನು ಒಂದು ಅಗುಳೂ ಬಿಡದೆ ತಿಂದಿತು.

ಮಾವ, ಜೀವನದಲ್ಲಿ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ! ನನ್ನ ಗಂಡ ಗಾಬರಿಯಾಗಿ ಭಟ್ಟರಿಗೆ ಫೋನ್ ಮಾಡಿದರು. ಶಾಸ್ತ್ರದಲ್ಲಿ ಕೋಳಿ ಇಲ್ಲ ಅಂತ ಅವರು ಶುರು ಮಾಡುವಷ್ಟರಲ್ಲಿ ಅತ್ತೆ ಫೋನ್ ಕಸಿದುಕೊಂಡರು.

"ಭಟ್ಟರ, ನಿಮ್ಮ ಕಾಗಿ ಪಿಜ್ಜಾ ತಿಂದ್ವು. ಇವರು ಅನ್ನ ತಿಂದಾರ. ಸುಮ್ನಿರ್ರಿ."

ಈಗ ವಾರಕ್ಕೆ ಎರಡು ದಿನ ನನಗೆ ಕ್ಲಾಸು. ಮೊದಲ ದಿನ ಟೀಚರು ಎಲ್ಲರನ್ನೂ, ಯಾಕೆ ಓದಲು ಬಂದಿರಿ ಎಂದು ಕೇಳಿದರು. ಒಬ್ಬಳು ಕೆಲಸಕ್ಕೆ ಅಂದಳು, ಒಬ್ಬಳು ಮಕ್ಕಳಿಗೋಸ್ಕರ ಅಂದಳು. ನನ್ನ ಸರದಿ ಬಂತು. ನನಗೆ ಬರುವ ಇಂಗ್ಲಿಷಿನಲ್ಲಿ ಸುಳ್ಳು ಹೇಳಲು ಬರುವುದಿಲ್ಲ.

"ಕೋಳಿಗೆ ಮಾತು ಕೊಟ್ಟಿದ್ದೀನಿ" ಅಂದೆ.