ಚಿಕ್ಕಪ್ಪನ ಎಡಗೈ

ನಮ್ಮ ಚಿಕ್ಕಪ್ಪನ ಬಲಗೈಯ ಬಗ್ಗೆ ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲೆ. ಉಣ್ಣುತ್ತದೆ, ಸಹಿ ಹಾಕುತ್ತದೆ, ಬಸ್ಸಿನಲ್ಲಿ ಕಂಬಿ ಹಿಡಿಯುತ್ತದೆ. ಮರ್ಯಾದಸ್ಥ ಕೈ. ಎಡಗೈಯ ವಿಷಯ ಮಾತ್ರ ಕೇಳಬೇಡಿ. ಅಲ್ಲಿ ಬೇರೊಬ್ಬ ವಾಸವಾಗಿದ್ದ!

ಚಿಕ್ಕಪ್ಪ ಕಾಸರಗೋಡಿನವರು. ತಿರುವನಂತಪುರದಲ್ಲಿ ಕಾನೂನು ಇಲಾಖೆಯ ಕಡತಗಳನ್ನು ಓದಿ ಓದಿ ನಿವೃತ್ತರಾಗಿ ಅಲ್ಲೇ ಉಳಿದವರು. ನಿವೃತ್ತರಾದ ಮೇಲೆ ಜನ ಪುರಾಣ ಓದುತ್ತಾರೆ. ಚಿಕ್ಕಪ್ಪ ಹಳೆಯ ರಾಕ್ಷಸ ಕಾಮಿಕ್ಸ್ ಓದಿದರು. ಯಾವ್ಯಾವುದೋ ಹಡಗಿನಿಂದಿಳಿದು ಕೊಚ್ಚಿಯ ಹಳೇ ಪುಸ್ತಕದಂಗಡಿ ಸೇರಿದ, ಉಪ್ಪುಗಾಳಿಗೆ ಕಂದು ಹಿಡಿದ ಪುಸ್ತಕಗಳು. ಬಿಡಿಸಿದರೆ ಮುಚ್ಚಿಟ್ಟ ಕೋಣೆಯ ವಾಸನೆ. ಕೆರೆಯಿಂದೇಳುವ ಹೆಣ, ಗೋಡೆಯೊಳಗೆ ಉಸಿರಾಡುವ ಹೆಂಗಸು. ಇವರ ವ್ಯವಹಾರಗಳನ್ನೆಲ್ಲ ಅವರು ಹೈಕೋರ್ಟಿನ ತೀರ್ಪಿನಂತೆ ಪೆನ್ಸಿಲ್ ಗೀಟು ಹಾಕಿಕೊಂಡು ಓದುವರು.

"ಈ ಹೆಣ ಹೊಸ್ತಿಲು ದಾಟಿದ್ದು ಕ್ರಮಬದ್ಧ ಅಲ್ಲ ಮಾರಾಯ," ಎಂದು ಒಮ್ಮೆ ನನ್ನಲ್ಲಿ ನೊಂದುಕೊಂಡರು. "ಒಳಗಿನವರು ಬಾ ಅಂತ ಕರೀಲೇ ಇಲ್ಲ, ನೋಡು!"

ಇಂಥವರು ಮಕ್ಕಳಿಗೆ ಪಾಠ ಹೇಳಲು ಹೊರಟರೆ ಏನಾಗಬೇಕು? ಅದೇ ಆಯಿತು.

ಕೊಚ್ಚಿಯ ಎಡಪ್ಪಳ್ಳಿಯಲ್ಲಿರುವ ನಮ್ಮ ಫ್ಲ್ಯಾಟಿಗೆ ಅವರು ಶನಿವಾರದ ರೈಲಿನಲ್ಲಿ ಬಂದು, ಭಾನುವಾರ ಬೆಳಿಗ್ಗೆ ಸುತ್ತಲಿನ ಕನ್ನಡದ ಮನೆಗಳ ಪುಟ್ಟ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಅದರ ಹಿಂದಿನ ಆಸೆ ಒಂದೇ. ನನ್ನ ಮಗಳಿಗೆ ಆಗ ಐದು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಮಲಯಾಳದಲ್ಲಿ. "ಈ ಕೂಸಿನ ಬಾಯಿಂದ ನಂಗೆ ಕನ್ನಡದ ಒಂದು ಮಾತು ಕೇಳ್ಬೇಕು," ಎನ್ನುವರು ಚಿಕ್ಕಪ್ಪ. "ಒಂದು ಸಾಕು. ಬೈದ್ರೂ ಆಗ್ತದೆ."

ಅದಕ್ಕಾಗಿ ಹುಟ್ಟಿದವನೇ ಒಕ್ಕಣ್ಣ. ಹಳೆಯ ಕರಿಕೋಟು ಹರಿದು ಹೊಲಿದ ಕೈಗೊಂಬೆ. ತೆಂಗಿನ ನಾರಿನ ಕೂದಲು, ಕೋಟಿನ ಗುಂಡಿಯ ಒಂದೇ ಕಣ್ಣು, ಒಳಗೆ ಕೆಂಪು ಬಟ್ಟೆಯ ಬಾಯಿ. ಒಗೆದು ಹಗ್ಗಕ್ಕೆ ಹಾಕಿದರೆ ಗಾಳಿಯಿಲ್ಲದ ಹೊತ್ತಿನಲ್ಲೂ ಆ ಕಣ್ಣು ಎದುರು ಮನೆಯತ್ತ ತಿರುಗಿರುತ್ತಿತ್ತು. ಎದುರು ಮನೆಯ ಮಲಯಾಳಿ ಅಕ್ಕ, ನಮ್ಮ ಚೇಚಿ, ಕಿಟಕಿ ತೆರೆಯುವುದನ್ನೇ ಬಿಟ್ಟರು. ಇನ್ನು ಅವನ ಸ್ವರ! ಬಾವಿಯ ತಳದಲ್ಲಿ ಯಾರೋ ಕೊಡ ಎಳೆದ ಹಾಗೆ. "ನನಗೆ ಹಸಿವೆ!" ಎಂದರೆ ಮಕ್ಕಳಿರಲಿ, ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಯೂ ಬೆಚ್ಚಿ ಸೌಟು ಬಿಡುತ್ತಿದ್ದಳು.

ಒಕ್ಕಣ್ಣನಿಗೆ ಚಿಕ್ಕಪ್ಪ ಒಂದು ಕಾನೂನು ಬರೆದಿದ್ದರು. ಮಲಯಾಳ ಕಿವಿಗೆ ಬಿದ್ದರೆ ಅವನು ಆ ಕ್ಷಣವೇ ಸಾಯಬೇಕು. ಕೊಂದವರೇ "ಏಳು ಮಾರಾಯ" ಎಂದು ಕನ್ನಡದಲ್ಲಿ ಕರೆದರೆ ಮಾತ್ರ ಏಳಬೇಕು. ಪಾಪದ ರಾಕ್ಷಸನ ಪ್ರಾಣ ಉಳಿಸಲು ಮಕ್ಕಳು ಕನ್ನಡ ಮಾತಾಡುತ್ತಾರೆಂಬುದು ಶಾಸನಕರ್ತರ ಉದ್ದೇಶ. ಆದರೆ ರಾಕ್ಷಸನನ್ನು ಒಂದೇ ಮಾತಿನಲ್ಲಿ ಕೊಲ್ಲಬಹುದೆಂದರೆ ಯಾವ ಮಗು ಸುಮ್ಮನಿರುತ್ತದೆ?

"ವೇಂಡಾ!" ಎಂದು ಒಬ್ಬ ಕಿರುಚುವನು, ಬೇಡ ಎನ್ನುವ ಆ ಒಂದು ಮಾತಿಗೆ ಒಕ್ಕಣ್ಣ ಚಿಕ್ಕಪ್ಪನ ಮಣಿಕಟ್ಟಿನಿಂದ ಕತ್ತು ಮುರಿದು ಜೋತು ಬೀಳುವನು. ಕೊಂದ ಮಗುವೇ ಅವಸರದಲ್ಲಿ ಏಳಿಸುವುದು, ಮತ್ತೆ ಕೊಲ್ಲುವುದಕ್ಕೆ! ಬೆಳಗಿಡೀ ಸಾವು, ಬೆಳಗಿಡೀ ಮರುಜನ್ಮ.

"ರೀ, ನಿಮ್ಮ ಚಿಕ್ಕಪ್ಪ ಪಾಠ ಮಾಡ್ತಿದಾರೋ ತಿಥಿ ಮಾಡ್ತಿದಾರೋ?" ಎಂದಳು ಮೈಸೂರಿನವಳಾದ ನನ್ನ ಹೆಂಡತಿ.

ನನ್ನ ಮಗಳು ಮಾತ್ರ ಇನ್ನೂ ಘೋರ. ಕೊಲ್ಲುವಳು, ಏಳಿಸಲೊಲ್ಲಳು. ತಣ್ಣಗೆ "ವೇಂಡ" ಎಂದು ಬಣ್ಣದ ಪೆನ್ಸಿಲ್ ಹಿಡಿದು ಕೂರುವಳು. ಕಾನೂನು ಕಾನೂನೇ! ಒಂದು ಭಾನುವಾರ ಚಿಕ್ಕಪ್ಪ ಎಡಗೈಯಲ್ಲಿ ಹೆಣ ಜೋತಾಡಿಸಿಕೊಂಡೇ ಊಟ ಮಾಡಿದರು, ಹಾಗೇ ರೈಲು ಹತ್ತಿದರು. ಟಿಕೆಟ್ ನೋಡಲು ಬಂದವರು ಇದೇನು ಎಂದು ಕೇಳಿದರಂತೆ.

"ಹೆಣ," ಎಂದರಂತೆ ಚಿಕ್ಕಪ್ಪ. "ಇದಕ್ಕೂ ಟಿಕೆಟ್ ಬೇಕಾ?"

ಮುಂದಿನ ವಾರ ಬೇರೆ ಮಕ್ಕಳು ಜಾಮೀನು ಕೊಟ್ಟು ಏಳಿಸಿದರು. ಮಗಳ ಹೆಸರಿನಲ್ಲಿ ಮಾತ್ರ ಕೊಲೆಗಳು ಬಾಕಿಯೇ ಉಳಿದವು.

ಅಷ್ಟರಲ್ಲಿ ಒಂದು ವಿಚಿತ್ರ ನಡೆಯತೊಡಗಿತು. ಚಿಕ್ಕಪ್ಪ "ಚಾ ಉಂಟಾ?" ಎಂದು ಕೇಳಿದರೆ ನಾವು ತಿರುಗಿ ನೋಡುವುದು ಅವರ ಎಡಗೈಯನ್ನು. ಗೊಂಬೆ ಚೀಲದಲ್ಲಿದ್ದರೂ ಸ್ವರ ಅವನದೇ, ಬಾವಿಯ ತಳದ್ದೇ! ಅವನು ಕೈ ದಾಟಿ ಮೇಲೆ ಹತ್ತುತ್ತಿದ್ದಾನೆಂದು ನಾವು ನಗುತ್ತಿದ್ದೆವು. ಚಿಕ್ಕಪ್ಪನೂ ನಕ್ಕರು. "ಗಂಟಲಿನವರೆಗೆ ಬಂದಿದ್ದಾನೆ," ಎಂದರು.

ಗಂಟಲಿನಲ್ಲಿದ್ದವನು ಬೇರೆಯೇ ಎಂದು ತಿರುವನಂತಪುರದ ಡಾಕ್ಟರು ಹೇಳಿದರು. ಸ್ವರಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಒಳಗೆ ಕರೆದೊಯ್ಯುವ ಮೊದಲು ಚಿಕ್ಕಪ್ಪ ನನ್ನನ್ನು ಬಳಿಗೆ ಕರೆದರು. "ಕೂಸಿಗೆ ಹೇಳು, ಅವಳದ್ದು ಕೇಳ್ಲಿಕ್ಕೆ ನನ್ನ ಕಿವಿ ಇರ್ತದೆ ಅಂತ."

ಆಪರೇಷನ್ ಆಗಿ ಕೆಲವು ದಿನ ಕಳೆದ ಮೇಲೆ ಮಗಳನ್ನು ಕರೆದುಕೊಂಡು ಹೋದೆವು. ಮಧ್ಯಾಹ್ನದ ಬಿಳಿ ಬೆಳಕು, ಬಿಳಿ ಹಾಸಿಗೆ, ಕತ್ತಿಗೆ ಬಿಳಿ ಪಟ್ಟಿ. ಅವಳನ್ನು ಕಂಡು ಚಿಕ್ಕಪ್ಪ ದಿಂಬಿನ ಕೆಳಗಿನಿಂದ ಒಕ್ಕಣ್ಣನನ್ನು ತೆಗೆದು ಎಡಗೈಗೆ ತೊಟ್ಟರು. ಒಕ್ಕಣ್ಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಸದ್ದಿಲ್ಲ. ಆ ಕೆಂಪು ಬಾಯಿ ಸುಮ್ಮನೆ ಆಡುತ್ತಲೇ ಇತ್ತು. ಅವನು ಮಾತಾಡುತ್ತಿದ್ದಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ಆಗಲೇ ನರ್ಸ್ ಬಂದಳು. "ಅಪ್ಪೂಪ್ಪಾ, ವೇದನಯುಂಡೋ?" ಎಂದು ಮೆಲ್ಲಗೆ ಕೇಳಿದಳು. ನೋವಿದೆಯಾ ಅಜ್ಜ, ಎಂದು.

ಮಲಯಾಳ! ಒಕ್ಕಣ್ಣ ದೊಪ್ಪನೆ ಬಿದ್ದು ಸತ್ತ.

ನರ್ಸ್ ಎದೆ ಹಿಡಿದುಕೊಂಡಳು. ಕೊಂದವಳೇ ಏಳಿಸಬೇಕು, ಅವಳಿಗೆ ಕನ್ನಡ ಬಾರದು. ಹೇಳಿಕೊಡಬೇಕಾದವರಿಗೆ ಸ್ವರವಿಲ್ಲ. ಹೆಣ ಹಾಸಿಗೆಯಂಚಿನಿಂದ ಜೋತಿತ್ತು. ಮಗಳು ಅದನ್ನೇ ನೋಡಿದಳು. ಬಾಕಿ ಉಳಿದ ಕೊಲೆಗಳೆಲ್ಲ ನೆನಪಾದವೋ ಏನೋ. ಬಗ್ಗಿ, ತೆಂಗಿನ ನಾರು ಸರಿಸಿ, ಆ ಗುಂಡಿಯ ಕಣ್ಣಿನ ಹತ್ತಿರ ಬಾಯಿಟ್ಟು ಹೇಳಿದಳು:

"ಏಳು ಮಾರಾಯ. ಅವಳಿಗೆ ಗೊತ್ತಿಲ್ಲ."

ಒಕ್ಕಣ್ಣ ಎದ್ದ. ನಿಧಾನವಾಗಿ, ಕೆರೆಯಿಂದ ಏಳುವವನ ಹಾಗೆ. ಬಾಯಿ ತೆರೆದ. ಸ್ವರವೂ ಬಂತು! ಬಾವಿಯ ತಳದಿಂದ, ಕೊಡ ಎಳೆದ ಹಾಗೆ: "ನನಗೆ ಹಸಿವೆ!"

ನನ್ನ ರೋಮ ನೆಟ್ಟಗಾಯಿತು. ನೋಡಿದರೆ ಮಗಳು ಗದ್ದ ಕುತ್ತಿಗೆಗೆ ಒತ್ತಿ, ಕಣ್ಣು ಮುಚ್ಚಿ, ಹೊಟ್ಟೆಯಾಳದಿಂದ ಸ್ವರ ಎಳೆಯುತ್ತಿದ್ದಳು.

ಚಿಕ್ಕಪ್ಪನ ಬಲಗೈ, ಆ ಮರ್ಯಾದಸ್ಥ ಕೈ, ಬಸ್ಸಿನಲ್ಲಿ ಹಿಡಿಯುವಂತೆ ಮಂಚದ ಕಂಬಿಗೆ ಜೋತು ಬಿದ್ದಿತ್ತು. ಎಡಗೈ ಮಾತ್ರ ಗಟ್ಟಿಯಾಗಿ ನಿಂತು, ಅವಳ ಮುಂದಿನ ಮಾತಿಗೆ ಬಾಯಿ ತೆರೆದು ಕಾಯುತ್ತಿತ್ತು.